ಪಾರಿಜಾತದ ಚಾಲ ನಡೆದ ದಾರಿ

ಮಮದಾಪುರದಂಥ ಗೋಕಾಕ ಸೀಮೆಯ ಊರಿನಲ್ಲಿ ರಾತ್ರಿ ಊಟ ಮುಗಿದ ಮೇಲೆ ಗುಡಿಯ ಕಟ್ಟೆಗೆ ಭಜನೆ ಕೂತಿತೆಂದರೆ, ಎರಡನೆಯ ಪದಕ್ಕೋ ಮೂರನೆಯದಕ್ಕೋ ಯಾರಾದರೊಬ್ಬರು ಅಂದೇ ಅನ್ನುತ್ತಾರೆ: "ಇದು ಪಾರಿಜಾತದ ಚಾಲ ಐತ್ರಿ." ಹಾಡುತ್ತಿರುವುದು ಶಿವನ ಪದ. ಅದರಲ್ಲಿ ಕೃಷ್ಣನಿಲ್ಲ, ಸತ್ಯಭಾಮೆಯಿಲ್ಲ, ಹೂವಿನ ಸುದ್ದಿಯೇ ಇಲ್ಲ. ಆದರೂ ದಮ್ಮಡಿ ಬಡಿಯುವ ಹುಡುಗನಿಂದ ಹಿಡಿದು ಕಂಬಳಿ ಹೊದ್ದು ಕೂತ ಅಜ್ಜನವರೆಗೆ ಎಲ್ಲರಿಗೂ ಆ ಏರಿಳಿತ ಎಲ್ಲಿಯದೆಂದು ಗೊತ್ತು.

ಚಾಲ ಎಂದರೆ ನಡಿಗೆ. ಧಾಟಿ, ಮಟ್ಟು ಎಂದರೂ ಅದೇ. ಹಾಡಿನಿಂದ ಮಾತನ್ನು ತೆಗೆದಿಟ್ಟರೆ ಉಳಿಯುವ ನಡಿಗೆ ಅದು. ನಮ್ಮ ಸೀಮೆಯಲ್ಲಿ ಮಾತಿಗೆ ಕವಿ ಸಿಗುತ್ತಾನೆ, ಕೊನೆಯ ನುಡಿಯಲ್ಲಿ ಅವನ ಅಂಕಿತವೂ ಸಿಗುತ್ತದೆ. ಚಾಲಕ್ಕೆ ಅಂಕಿತವಿಲ್ಲ. ಹಾಗಾಗಿ ಅದು ಬಂದ ದಾರಿಯನ್ನು ಹುಡುಕಬೇಕಾದರೆ ಅದನ್ನು ಹೊತ್ತು ತಂದವರನ್ನೇ ಹುಡುಕಬೇಕು.

ಪಾರಿಜಾತದ ಮಟ್ಟಿಗೆ ಆ ದಾರಿ ಹಳೆಯ ಗೋಕಾಕ ತಾಲೂಕಿನೊಳಗೇ ಹಾದುಹೋಗುತ್ತದೆ. ಶ್ರೀಕೃಷ್ಣ ಪಾರಿಜಾತವನ್ನು ಮೊದಲು ಬರೆದವನು ಅಪರಾಳ ತಮ್ಮಣ್ಣ. ಅದನ್ನು ಜನ ಕುಳಿತು ನೋಡುವ ಆಟವಾಗಿ ತಿದ್ದಿ ಬೆಳೆಸಿದವನು ಇನ್ನೊಬ್ಬ ತಮ್ಮಣ್ಣ, ಕುಲಗೋಡದವನು. ಕುಲಗೋಡ ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಕಥೆ ಸಣ್ಣದು. ನಾರದ ತಂದ ಪಾರಿಜಾತ ಹೂವು ರುಕ್ಮಿಣಿಯ ಮುಡಿಗೆ ಸೇರುತ್ತದೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ, ಕೃಷ್ಣ ಅವಳನ್ನು ಒಲಿಸಬೇಕು. ಇಷ್ಟು ಕಥೆಗೆ ರಾತ್ರಿಯಿಡೀ ಬೇಕಾಗುವುದು ಹಾಡಿನಿಂದ. ಮುನಿಸಿಗೆ ಒಂದು ಚಾಲ, ಬೇಡಿಕೆಗೆ ಒಂದು, ದೂತಿಯ ಚುರುಕು ಮಾತಿಗೆ ಇನ್ನೊಂದು. ಕಥೆ ಗೊತ್ತಿದ್ದೂ ಜನ ಬೆಳಗಿನವರೆಗೆ ಕೂರುತ್ತಿದ್ದದ್ದು ಆ ಮುನಿಸನ್ನು ಈ ರಾತ್ರಿ ಈ ಕಂಠ ಹೇಗೆ ಹಾಡೀತು ಎಂದು ಕೇಳುವುದಕ್ಕೆ.

ಕಂಠದ ಮಾತು ಬಂದಾಗ ಕೌಜಲಗಿ ನಿಂಗಮ್ಮನ ಹೆಸರು ಬಾರದೆ ಇರದು. ಕೌಜಲಗಿಯೂ ಇದೇ ಸೀಮೆಯ ಊರು. ಪಾರಿಜಾತಕ್ಕೆ ಹೆಣ್ಣಿನ ಕಂಠದ ಕಳೆ ತಂದವರಲ್ಲಿ ನಿಂಗಮ್ಮನದು ದೊಡ್ಡ ಹೆಸರು. ಗಂಡಸರ ಕಂಠಕ್ಕೆ ಪೇಟಿಯವರು, ಅಂದರೆ ಹಾರ್ಮೋನಿಯಂ ನುಡಿಸುವವರು, ಸಾಮಾನ್ಯವಾಗಿ ಕಾಳಿ ಏಕ, ಎಂದರೆ ಮೊದಲನೆಯ ಕರಿ ಮನೆಯನ್ನು ಷಡ್ಜವಾಗಿ ಹಿಡಿದರೆ, ಹೆಂಗಸರ ಕಂಠಕ್ಕೆ ನಾಲ್ಕನೆಯ, ಐದನೆಯ ಕರಿ ಮನೆಗಳಾದ ಕಾಳಿ ಚಾರ, ಕಾಳಿ ಪಾಂಚ ಹಿಡಿಯುತ್ತಾರೆ. ಮನೆ ಬದಲಾಯಿತೆಂದರೆ ಹಾಡಿನ ಎತ್ತರವೊಂದೇ ಬದಲಾಗುವುದಿಲ್ಲ. ಗಂಡು ಕಂಠ ಉಸಿರು ಕಟ್ಟಿ ಮುಟ್ಟುತ್ತಿದ್ದ ಮೇಲಿನ ಸ್ವರದಲ್ಲಿ ಹೆಣ್ಣು ಕಂಠ ನಿಂತು ಆಡಬಲ್ಲದು. ಅಲ್ಲೊಂದು ಹೊಸ ಹೊರಳು ಹುಟ್ಟುತ್ತದೆ. ಹಿಮ್ಯಾಳದವರು ಆ ಹೊರಳನ್ನು ಹಿಡಿದು ಮತ್ತೆ ಹಾಡುತ್ತಾರೆ. ಹಿಮ್ಯಾಳದ ಕೆಲಸವೇ ಅದು, ಮುಂದಿನವರು ಹಾಡಿದ ಸಾಲನ್ನು ಮರಳಿ ಎತ್ತುವುದು. ಒಂದು ರಾತ್ರಿಯಲ್ಲಿ ಒಂದೇ ಚಾಲವನ್ನು ಇಷ್ಟು ಸಲ ಕೇಳಿದ ಜನ ಮರುದಿನ ಹೊಲದಲ್ಲಿ ಅದನ್ನು ಗುನುಗದೆ ಇದ್ದಾರೆಯೇ? ಭಜನೆಯ ಕಟ್ಟೆಗೆ ಅದು ಬಂದ ಬಗೆ ಹೀಗೆ.

ಪೇಟಿಯ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಇವತ್ತು ಪೇಟಿಯಿಲ್ಲದ ಪಾರಿಜಾತವನ್ನು ನೆನೆಯುವುದೂ ಕಷ್ಟ. ಆದರೆ ಅದು ಯುರೋಪಿನಿಂದ ಬಂದ ವಾದ್ಯ. ಕಾಲಿನಲ್ಲಿ ತುಳಿದು ನುಡಿಸುತ್ತಿದ್ದ ಹಾರ್ಮೋನಿಯಂ ಅನ್ನು, ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತಿ ನುಡಿಸುವಂತೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಮಾಡಿದ್ದು 1875ರ ಸುಮಾರಿಗೆ. ಪಾರಿಜಾತದ ಮೊದಲ ಮ್ಯಾಳಗಳು ಅದನ್ನು ಕಂಡಿರಲಿಕ್ಕಿಲ್ಲ. ಪೇಟಿಯಲ್ಲಿ ಒಂದು ಮನೆಗೂ ಪಕ್ಕದ ಮನೆಗೂ ನಡುವೆ ಏನೂ ಇಲ್ಲ. ಕಂಠವಾಗಲಿ ಪಿಟೀಲಾಗಲಿ ಆ ನಡುವೆ ಜಾರಬಲ್ಲದು, ಪೇಟಿ ಜಾರಲಾರದು. ಹಾಗಾಗಿ ಪೇಟಿಯೊಂದಿಗೆ ಕಲಿತ ತಲೆಮಾರು ಹಳೆಯ ಜಾರನ್ನು ಮೂರು ನಾಲ್ಕು ಪುಟ್ಟ ಮೆಟ್ಟಿಲಾಗಿ ಒಡೆದು ಹಾಡುತ್ತದೆ. ಕಿವಿಗೊಟ್ಟು ಕೇಳಿದರೆ ಯಾವ ಹಾಡುಗಾರ ಪೇಟಿಯ ಮುಂದೆ ಕಲಿತ, ಯಾರು ಅಜ್ಜಿಯ ಬಾಯಿಂದ ಕಲಿತ ಎಂದು ಹೇಳಬಹುದು. ಈ ಕಾರಣಗಳಿಗಾಗಿಯೇ ರೇಡಿಯೋದವರು 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟರು, ಮೂರು ದಶಕದ ತನಕ ಒಳಗೆ ಬಿಡಲಿಲ್ಲ. ನನಗೆ ಅದು ಸರಿಯೆನಿಸಿಲ್ಲ. ತಬಲಾ, ತಾಳ, ಪೇಟಿ ಇಷ್ಟನ್ನೇ ಚಕ್ಕಡಿಯಲ್ಲಿ ಹೇರಿಕೊಂಡು ಊರೂರು ತಿರುಗಿದ ಮ್ಯಾಳಗಳಿಂದಲೇ ಈ ಚಾಲಗಳು ಉಳಿದವು.

ಊರು ದಾಟಿದ ಚಾಲ ಭಾಷೆಯನ್ನೂ ದಾಟಿತು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಈ ಕಡೆಯವರೂ ಮಹಾರಾಷ್ಟ್ರದವರೂ ಸೇರುತ್ತಾರೆ. ಒಂದೇ ಚೌಡಕಿಗೆ ಒಮ್ಮೆ ಕನ್ನಡ, ಒಮ್ಮೆ ಮರಾಠಿ. ಅದೇ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದವರು ಬಲವಂತ ಪಾಂಡುರಂಗ ಕಿರ್ಲೋಸ್ಕರ್, ಮರಾಠಿ ಜನ ಅಣ್ಣಾಸಾಹೇಬ ಎಂದು ಕರೆಯುವವರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ 'ಸಂಗೀತ ಶಾಕುಂತಲ' ರಂಗಕ್ಕೆ ಬಂತು. ಮರಾಠಿ ಸಂಗೀತ ನಾಟಕದ ದೊಡ್ಡ ಯುಗ ಅಲ್ಲಿಂದ ಎಣಿಕೆಯಾಗುತ್ತದೆ. ಅವರ ನಾಟಕದ ಪದಗಳಲ್ಲಿ ಕೀರ್ತನೆಯ ಚಾಲವಿದೆ, ಲಾವಣಿಯ ಚಾಲವಿದೆ, ಚಿಕ್ಕಂದಿನಿಂದ ಕಿವಿಗೆ ಬಿದ್ದ ಕರ್ನಾಟಕದ ಚಾಲಗಳೂ ಇವೆ. ಮುಂದೆ ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ಹುಬ್ಬಳ್ಳಿಯಲ್ಲಿ ಕ್ಯಾಂಪು ಹಾಕಿದಾಗ ನಮ್ಮ ಕಂಪನಿ ನಾಟಕದವರು ಆ ರಂಗಗೀತೆಗಳ ಚಾಲಗಳಿಗೆ ಕನ್ನಡ ಪದ ಕಟ್ಟಿದರು. ನಮ್ಮೂರ ಕಟ್ಟೆಯ ಮೇಲೆ ಯಾರಾದರೂ "ಇದು ಮರಾಠಿ ಚಾಲ" ಎಂದರೆ ನಾನು ಸುಮ್ಮನೆ ಒಪ್ಪುವುದಿಲ್ಲ. ಇಲ್ಲಿಂದ ಹೋಗಿ, ಪುಣೆಯ ನೀರು ಕುಡಿದು, ಮರಳಿ ತವರಿಗೆ ಬಂದ ಮಗಳಿರಬಹುದು ಅದು. ಹೋಗುವಾಗ ಉಟ್ಟ ಸೀರೆ ಬೇರೆ, ಬಂದಾಗ ಉಟ್ಟದ್ದು ಬೇರೆ.

ಬಂಗಾಳಕ್ಕೂ ಕನ್ನಡದ ಮಟ್ಟು ಮುಟ್ಟಿದೆ. ರವೀಂದ್ರನಾಥ ಟಾಗೋರರ 'ಬಡೊ ಆಶಾ ಕೊರೆ' ಕನ್ನಡ ಹಾಡೊಂದರ ಮೇಲೆ ಕಟ್ಟಿದ್ದು.

ಹೊರಗಿನಿಂದ ಬಂದದ್ದೂ ಉಂಟು. ಸ್ಕಾಟ್ಲೆಂಡಿನಲ್ಲಿ ಕುಣಿತಕ್ಕೆಂದು ಪಿಟೀಲಿನ ಮೇಲೆ ನುಡಿಸುತ್ತಿದ್ದ 'ಲಾರ್ಡ್ ಮ್ಯಾಕ್‌ಡೊನಾಲ್ಡ್ಸ್ ರೀಲ್' ಎಂಬ ಧಾಟಿಯೊಂದಿದೆ. ವಲಸೆ ಹೋದವರ ಜೊತೆ ಹಡಗು ಹತ್ತಿ ಅಮೆರಿಕೆಯ ಹಳ್ಳಿಗಳಿಗೆ ಇಳಿದ ಅದು ಅಲ್ಲಿ 'ಲೆದರ್ ಬ್ರೀಚಸ್' ಆಯಿತು. ಅಂದರೆ ತೊಗಲಿನ ಚಡ್ಡಿ. ಅದೇ ಧಾಟಿ ಕಂಪನಿ ಸರಕಾರದ ಬ್ಯಾಂಡಿನವರ ಜೊತೆ ಮದರಾಸಿಗೂ ಬಂತು. ಮುತ್ತುಸ್ವಾಮಿ ದೀಕ್ಷಿತರು ಅದಕ್ಕೆ ಸಂಸ್ಕೃತದ ಮಾತು ಕೊಟ್ಟು 'ಜಗದೀಶ ಗುರುಗುಹ' ಎಂದು ದೇವರ ಮುಂದಿಟ್ಟರು. ಇಂಥ ರಚನೆಗಳಿಗೆ ನೊಟ್ಟುಸ್ವರ ಎಂದು ಹೆಸರು. ನೋಟು ಎಂಬ ಇಂಗ್ಲಿಷ್ ಮಾತೇ ಅಲ್ಲಿ ನೊಟ್ಟು ಆಗಿದೆ. ದೀಕ್ಷಿತರ ತಮ್ಮ ಬಾಲುಸ್ವಾಮಿ ಪಿಟೀಲು ಕಲಿತು ಅದನ್ನು ದಕ್ಷಿಣದ ಸಂಗೀತಕ್ಕೆ ಒಗ್ಗಿಸಿದ್ದೂ ಅದೇ ಕಾಲದಲ್ಲಿ. ಒಂದೇ ನಡಿಗೆ ಒಂದು ಕಡೆ ಕುಣಿಯುವವರ ಕಾಲಿಗೆ, ಇನ್ನೊಂದು ಕಡೆ ಮುಗಿದ ಕೈಗೆ. ಮುನಿದ ಸತ್ಯಭಾಮೆಯ ಚಾಲ ಶಿವಭಜನೆಗೆ ಒದಗಿದ್ದನ್ನು ಕಂಡ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ.

ಸ್ಕಾಟ್ಲೆಂಡಿನ ಧಾಟಿಯ ಜಾಡು ಇಷ್ಟು ಚೆನ್ನಾಗಿ ಸಿಗಲು ಕಾರಣ, ಅಲ್ಲಿಯವರು ಹದಿನೆಂಟನೆಯ ಶತಮಾನದಲ್ಲೇ ಇಂಥವನ್ನು ಸ್ವರ ಹಾಕಿ ಅಚ್ಚು ಮಾಡಿದ್ದರು. ಪಾರಿಜಾತದ ಮಾತು ನಮ್ಮಲ್ಲಿ ಅಚ್ಚಾಗಿದೆ. ಪದದ ಮೇಲೆ ರಾಗ, ತಾಳದ ಹೆಸರೂ ಇರುತ್ತದೆ. ಹೊರಳುಗಳಿಲ್ಲ. ಅವು ಇರುವುದು ಹಾಡುವವರ ಗಂಟಲಲ್ಲಿ, ಪೇಟಿ ಮಾಸ್ತರರ ಬೆರಳಲ್ಲಿ. ಇವತ್ತು ಪ್ರತಿ ಮನೆಯಲ್ಲೂ ಮೊಬೈಲಿದೆ. ಹಾಡನ್ನು ತುಂಬಿಕೊಳ್ಳುವಾಗ ಇದನ್ನು ಯಾರಿಂದ ಕಲಿತಿರಿ, ಅವರು ಯಾವ ಊರಿನವರು ಎಂದೂ ಕೇಳಿ ಸೇರಿಸಿಕೊಳ್ಳಬೇಕು.

ಕೇಳಿದರೆ ಮಾಸ್ತರರು ಹೇಳುತ್ತಾರೆ. ತಮ್ಮ ಗುರುಗಳ ಹೆಸರು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾರೆ. ಅವರ ಗುರುಗಳ ಹೆಸರನ್ನೂ ಹೇಳುತ್ತಾರೆ. ಅದರಾಚೆ ಯಾರು ಎಂದರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡಗೈಯಿಂದ ತಿದಿ ಎಳೆದು, "ಇದನ್ನ ಕೇಳ್ರಿ" ಎಂದು ನುಡಿಸಲು ಹತ್ತುತ್ತಾರೆ.