ಕುಂಭಾರಿಯ ಓಣಿಯಲ್ಲೊಂದು ಕ್ಯಾಮೆರಾ

ಛಾಯಾಚಿತ್ರಕ್ಕೆ ಹಂಪಿ, ವಿಜಯಪುರಗಳಂಥ ಖ್ಯಾತಸ್ಥಳಗಳೇ ಬೇಕೆಂದು ಹಂಬಲಿಸುವ ಮಿತ್ರರು, ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ಹಾದಿಯ ಕುಂಭಾರಿಯಲ್ಲಿ, ಬೀಡಿ ಕಟ್ಟುವ ಸ್ತ್ರೀಯರಿಗಾಗಿ ಸಹಸ್ರಾರು ಮನೆಗಳೆದ್ದಿರುವ ಗೋದೂತಾಯಿ ಪರುಳೇಕರ ವಸಾಹತಿನ ಯಾವುದಾದರೊಂದು ಓಣಿಯಲ್ಲಿ, ಏರುಬಿಸಿಲು ಹೊಸ್ತಿಲನ್ನು ದಾಟಿ ಒಳಬರುವ ವೇಳೆಗೆ ಒಮ್ಮೆ ನಿಂತು ನೋಡಬೇಕು. ಮೊರದ ತುಂಬ ನೆನೆಸಿದ ಎಲೆ. ಕತ್ತರಿಯ ಅಲಗಿನ ಮೇಲೆ ಕ್ಷಣಮಾತ್ರದ ಹೊಳಪು. ಕತ್ತರಿಸಿದ ಎಲೆಯಲ್ಲಿ ತಂಬಾಕನ್ನಿಟ್ಟು ಸುರುಳಿ ಸುತ್ತಿ, ಬಾಯಿ ಮಡಿಚಿ ದಾರ ಬಿಗಿಯುವ ಬೆರಳುಗಳು. ಮುಖಕ್ಕಿಂತ ಆ ಬೆರಳುಗಳೇ ಹೆಚ್ಚು ನುಡಿಯುವುವೆಂದು ನನ್ನ ಮತ. 1977ರಲ್ಲಿ ಪದ್ಮಶ್ರೀ ಪಡೆದ ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರ ಕಣ್ಣು ಅರಸಿದ್ದೂ ಸಾಮಾನ್ಯರ ನಿತ್ಯಜೀವನವನ್ನೇ. ಫ್ಲ್ಯಾಶ್ ಬೇಡ, ಬಾಗಿಲ ಬೆಳಕೇ ಸಾಕು. ಆದರೆ ಮೊದಲು, "ಅವ್ವಾರ, ಒಂದ್ ಫೋಟೋ ತೆಗೀಲೇನ್ರಿ?" ಎಂದು ಕೇಳಿರಿ, ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವ ಆ ಕೈಗಳನ್ನು ಬಹಳ ಹೊತ್ತು ತಡೆದು ನಿಲ್ಲಿಸಬೇಡಿರಿ.