ಮೊದಲ ಉಸಿರಿಗೆ ನಲವತ್ತು ವಾರದ ತಯಾರಿ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದವರು ಬಹಳ ಮಂದಿ. ಈ ಮಾತು ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಕೂಸಿನ ಲೆಕ್ಕಕ್ಕೆ ಜಮೆಯಾಗುತ್ತದೆ, ಎಂಟರ ಕೂಸಿಗೆ ಏಳರದಕ್ಕಿಂತ ಉಳಿಯುವ ಅವಕಾಶ ಹೆಚ್ಚು. ಯಾಕೆಂದು ತಿಳಿಯಬೇಕಾದರೆ, ತಡವಾಗಿ ಹದಕ್ಕೆ ಬರುವ ಶ್ವಾಸಕೋಶದ ಕಡೆ ನೋಡಬೇಕು.

ಮೊದಲು ದಿನದ ಲೆಕ್ಕ. ತಾಯಿ ಕಾರ್ಡಿನಲ್ಲಿ ಬರೆಯುವುದು ಕೊನೆಯ ಸಲ ಮುಟ್ಟಾದ ತಾರೀಕು. ಅಲ್ಲಿಂದ 280 ದಿನಕ್ಕೆ, ಅಂದರೆ 40 ವಾರಕ್ಕೆ ದಿನ ತುಂಬುತ್ತದೆ. ಗರ್ಭ ಕಟ್ಟುವುದು ಸಾಮಾನ್ಯವಾಗಿ ಆ ತಾರೀಕಾಗಿ ಎರಡು ವಾರಕ್ಕೆ. ಹಾಗಾಗಿ ಡಾಕ್ಟರು ಆರು ವಾರ ಎಂದಾಗ ಪಿಂಡಕ್ಕೆ ಆಗಿರುವುದು ನಾಲ್ಕೇ ವಾರ. ಆ ಹೊತ್ತಿಗಾಗಲೇ ಹೃದಯ ಮಿಡಿಯುತ್ತಿರುತ್ತದೆ. ಮುಂದೆ ಅನ್ನನಾಳವಾಗುವ ಕೊಳವೆಯ ಮುಂಬದಿಯಲ್ಲಿ ಶ್ವಾಸಕೋಶದ ಸಣ್ಣ ಮೊಗ್ಗೊಂದು ಮೂಡಿರುತ್ತದೆ. ಆ ಮೊಗ್ಗು ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತಾ ಹೋಗಿ, ನಾಲ್ಕೂವರೆ ತಿಂಗಳ ಹೊತ್ತಿಗೆ ಗಾಳಿಕೊಳವೆಗಳ ಮರವೇ ನಿಂತಿರುತ್ತದೆ. ಕೊಂಬೆಗಳಿವೆ, ಎಲೆ ಇನ್ನೂ ಬಂದಿಲ್ಲ. ರಕ್ತಕ್ಕೆ ಆಮ್ಲಜನಕ ದಾಟಿಸುವ ಗಾಳಿಚೀಲಗಳೇ ಆ ಎಲೆಗಳು.

ಹುಟ್ಟುವವರೆಗೂ ಉಸಿರಿನ ಕೆಲಸ ನಡೆಸುವುದು ಮಾಸು. ಅಲ್ಲಿ ತಾಯಿಯ ರಕ್ತವೂ ಕೂಸಿನ ರಕ್ತವೂ ಬೆರೆಯುವುದಿಲ್ಲ, ತೆಳುವಾದ ಪೊರೆಯ ಆಚೆಈಚೆ ಹರಿಯುತ್ತವೆ. ಕೂಸಿನ ಹಿಮೊಗ್ಲೋಬಿನ್ ನಮ್ಮದಕ್ಕಿಂತ ಬೇರೆ ಬಗೆಯದು, ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹೀಗೆ ತಾಯಿಯಿಂದ ಸೆಳೆದದ್ದು ಹೊಕ್ಕುಳಬಳ್ಳಿಯಲ್ಲಿ ಕೂಸಿನ ಹೃದಯಕ್ಕೆ ಬರುತ್ತದೆ. ಹೃದಯದ ಒಳಗೋಡೆಯಲ್ಲಿ ಒಂದು ಕಿಂಡಿ, ಹೊರಗೆ ಒಂದು ಅಡ್ಡದಾರಿ ಇರುವುದರಿಂದ ರಕ್ತದ ಬಹುಪಾಲು ಶ್ವಾಸಕೋಶವನ್ನು ಹೊಗದೆ ಮುಂದೆ ಹೋಗುತ್ತದೆ.

ಶ್ವಾಸಕೋಶ ಮಾತ್ರ ಸುಮ್ಮನೆ ಕೂತಿರುವುದಿಲ್ಲ. ತಾನೇ ಸುರಿಸಿದ ನೀರಿನಿಂದ ತುಂಬಿ ಅರಳಿಕೊಂಡಿರುತ್ತದೆ. ಮೂರನೇ ತಿಂಗಳಿನಿಂದಲೇ ಕೂಸು ಎದೆ ಏರಿಳಿಸಿ ಉಸಿರಾಟದ ಅಭ್ಯಾಸ ಮಾಡುವುದನ್ನು ಸ್ಕ್ಯಾನಿನಲ್ಲಿ ಕಾಣಬಹುದು. ಸ್ಕ್ಯಾನ್ ಮಾಡುವವರು "ನೀರು ಸಾಕಷ್ಟಿದೆಯಾ" ಎಂದು ಅಳೆಯುವುದಕ್ಕೆ ಶ್ವಾಸಕೋಶದ ಬೆಳವಣಿಗೆಯೂ ಒಂದು ಕಾರಣ. ಐದಾರು ತಿಂಗಳಿನಲ್ಲೇ ಗರ್ಭದ ನೀರು ತೀರಾ ಕಡಿಮೆಯಾಗಿ ಹಾಗೇ ಉಳಿದರೆ ಶ್ವಾಸಕೋಶ ಬೆಳೆಯದೆ ಕುಗ್ಗುತ್ತದೆ.

ಕಷ್ಟವಿರುವುದು ಮುಂದಿನ ಹಂತದಲ್ಲಿ. ಒದ್ದೆಯಾದ ತೆಳು ಪ್ಲಾಸ್ಟಿಕ್ ಕವರನ್ನು ಬಿಡಿಸಲು ಹೋಗಿ ನೋಡಿ. ಎರಡು ಪದರ ಅಂಟಿಕೊಂಡು ಬಾಯೇ ಬಿಡುವುದಿಲ್ಲ. ಸೋಪಿನ ನೀರು ತಾಗಿಸಿದರೆ ಪದರ ಜಾರಿ ಬಿಡಿಸಿಕೊಳ್ಳುತ್ತದೆ. ಗಾಳಿಚೀಲದ ಒಳಮೈಯೂ ಒದ್ದೆಯೇ. ಪ್ರತಿ ಸಲ ಉಸಿರು ಬಿಟ್ಟಾಗಲೂ ಅದು ಮುದುಡಿ ಅಂಟಿಕೊಳ್ಳದಂತೆ ತಡೆಯಲು ಸೋಪಿನಂಥದ್ದೇ ಒಂದು ಜಿಡ್ಡು ಬೇಕು. ಅದರ ಹೆಸರು ಸರ್ಫ್ಯಾಕ್ಟೆಂಟ್. ಸುಮಾರು 24 ವಾರಕ್ಕೆ ಅದು ತುಸುತುಸುವೇ ತಯಾರಾಗಲು ಶುರುವಾಗುತ್ತದೆ, ಸಾಕಷ್ಟಾಗುವುದು 34–35 ವಾರ ದಾಟಿದ ಮೇಲೆ. ಏಳಕ್ಕಿಂತ ಎಂಟು ಮೇಲು ಎನ್ನುವುದು ಇದಕ್ಕೇ.

ಈ ಜಿಡ್ಡಿನ ಕೊರತೆಯಿಂದಲೇ ಬೇಗ ಹುಟ್ಟಿದ ಕೂಸುಗಳು ಉಸಿರಿಗೆ ಒದ್ದಾಡುತ್ತವೆ ಎಂದು ಅಮೆರಿಕದ ವೈದ್ಯೆ ಮೇರಿ ಎಲೆನ್ ಏವರಿ 1959ರಲ್ಲಿ ತೋರಿಸಿದರು. ಗೊತ್ತಾದರೂ ಮದ್ದು ಕೈಗೆ ಬಂದಿರಲಿಲ್ಲ. 1963ರ ಆಗಸ್ಟಿನಲ್ಲಿ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿದ. ತೂಕ ಎರಡು ಕಿಲೋ ದಾಟಿತ್ತು, ಆದರೂ ಇದೇ ತೊಂದರೆಯಿಂದ 39 ಗಂಟೆಯಲ್ಲಿ ತೀರಿಕೊಂಡ. ಇಂದಾಗಿದ್ದರೆ ಆ ಮಗು ಉಳಿಯುವ ಸಾಧ್ಯತೆಯೇ ಹೆಚ್ಚು. ಮದ್ದಿನ ಸುಳಿವು ಸಿಕ್ಕಿದ್ದು ನ್ಯೂಜಿಲೆಂಡಿನಲ್ಲಿ. ಅಲ್ಲಿ ವೈದ್ಯ ಲಿಗ್ಗಿನ್ಸ್ ಕುರಿಗಳಿಗೆ ಸ್ಟೀರಾಯ್ಡ್ ಕೊಟ್ಟು ಹೆರಿಗೆಯ ಬಗ್ಗೆ ಅಧ್ಯಯನ ಮಾಡುತ್ತಿದ್ದಾಗ, ಅವಧಿಗೆ ಬಹಳ ಮುಂಚೆ ಹುಟ್ಟಿದ ಮರಿಯೊಂದು ಉಸಿರಾಡುತ್ತಿರುವುದು ಕಣ್ಣಿಗೆ ಬಿತ್ತು. ಅದರ ಜಾಡು ಹಿಡಿದು ಅವರೂ ಸಹೋದ್ಯೋಗಿ ಹೋವಿಯೂ ತಾಯಂದಿರ ಮೇಲೆ ನಡೆಸಿದ ಪರೀಕ್ಷೆಯ ಫಲ 1972ರಲ್ಲಿ ಪ್ರಕಟವಾಯಿತು. ಅವಧಿಗೆ ಮುಂಚೆ ಹೆರಿಗೆಯ ಲಕ್ಷಣ ಕಂಡ ತಾಯಿಗೆ ಇಂದು ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಂದದ್ದು ಅಲ್ಲಿಂದ.

ಈ ಇಂಜೆಕ್ಷನ್ ಪೂರ್ತಿ ಕೆಲಸ ಮಾಡಲು ಸುಮಾರು ಒಂದು ದಿನ ಬೇಕು. ಆದ್ದರಿಂದ ಏಳೆಂಟು ತಿಂಗಳಲ್ಲಿ ಬಿಟ್ಟುಬಿಟ್ಟು ಹೊಟ್ಟೆ ಬಿಗಿದರೆ, ಸೊಂಟ ಹಿಡಿದಂತೆ ನೋವು ಬಂದರೆ, ನೀರು ಹೋದರೆ, "ಗ್ಯಾಸ್ ಇರಬೇಕು, ಬೆಳಗಾಗಲಿ" ಎಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.

ಇನ್ನೊಂದು ವಿಷಯ ಹೇಳಲೇಬೇಕು. ಹೆರಿಗೆ ನೋವು ಶುರುವಾದಾಗ ಕೂಸಿನ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಆಗ ಶ್ವಾಸಕೋಶ ನೀರು ಸುರಿಸುವುದನ್ನು ಬಿಟ್ಟು ಹೀರತೊಡಗುತ್ತದೆ. ನೋವೇ ಬಾರದೆ ಸಿಸೇರಿಯನ್ ಆದ ಕೂಸಿಗೆ ಈ ಸೂಚನೆ ಸಿಕ್ಕಿರುವುದಿಲ್ಲ. 39 ವಾರ ತುಂಬುವ ಮುಂಚೆ ಹಾಗಾದರೆ ಏದುಸಿರು ಬಂದು ಕೂಸು ಐಸಿಯು ಸೇರುವ ಸಂಭವ ಹೆಚ್ಚು. ಹೀಗಿರುವಾಗ ಒಳ್ಳೆಯ ನಕ್ಷತ್ರಕ್ಕೆಂದು 37ನೇ ವಾರಕ್ಕೇ ಮುಹೂರ್ತ ಇಡಿಸುವ ಕುಟುಂಬಗಳನ್ನು ಕಂಡರೆ ಸಂಕಟವಾಗುತ್ತದೆ. ತಾಯಿಗೋ ಕೂಸಿಗೋ ತೊಂದರೆ ಇದೆಯೆಂದು ಡಾಕ್ಟರೇ ಬೇಗ ತೆಗೆಯಬೇಕೆಂದರೆ ಅದು ಬೇರೆ ಮಾತು, ಅಲ್ಲಿ ತಡಮಾಡಬಾರದು.

ಕೂಸು ಹೊರಬಿದ್ದು ಚೀರಿದ ಆ ಕ್ಷಣದಲ್ಲಿ ಗಾಳಿ ಒಳನುಗ್ಗಿ, ಉಳಿದ ನೀರನ್ನು ಅಂಚಿಗೆ ತಳ್ಳುತ್ತದೆ. ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲಗೊಂಡು ರಕ್ತ ಮೊದಲ ಬಾರಿಗೆ ಶ್ವಾಸಕೋಶಕ್ಕೆ ಧುಮುಕುತ್ತದೆ. ಅದು ತಿರುಗಿ ಹೃದಯದ ಎಡಭಾಗಕ್ಕೆ ಬಂದಾಗ ಅದರ ಒತ್ತಡಕ್ಕೆ ಕಿಂಡಿಯ ಪರದೆ ಮುಚ್ಚಿಕೊಳ್ಳುತ್ತದೆ, ಅಡ್ಡದಾರಿ ಎರಡು ಮೂರು ದಿನದಲ್ಲಿ ಕಟ್ಟಿಹೋಗುತ್ತದೆ. ನೀಲಿಗಟ್ಟಿದ್ದ ತುಟಿ, ಎದೆ ಕೆಲವೇ ನಿಮಿಷದಲ್ಲಿ ಕೆಂಪೇರುತ್ತವೆ. ಕೈಕಾಲಿನ ಬೆರಳು ಇನ್ನೂ ಸ್ವಲ್ಪ ಹೊತ್ತು ನೀಲಿಯಾಗಿದ್ದರೆ ಗಾಬರಿ ಬೇಡ.

ದಿನ ತುಂಬಿ ಹುಟ್ಟಿದ ಕೂಸಿನಲ್ಲೂ ಗಾಳಿಚೀಲಗಳು ಪೂರ್ತಿ ಮೂಡಿರುವುದಿಲ್ಲ. ಹೆಚ್ಚಿನವು ಮೊದಲ ಎರಡು ಮೂರು ವರ್ಷದಲ್ಲಿ ಹುಟ್ಟುತ್ತವೆ. ಆದ್ದರಿಂದ ಎಣ್ಣೆನೀರು ಹಾಕಿದ ಮೇಲೆ ಕೂಸನ್ನು ಸಾಂಬ್ರಾಣಿ ಹೊಗೆಯ ಮೇಲೆ ಹಿಡಿಯುವುದು ಬೇಡ. ಮೆತ್ತನೆಯ ಬಟ್ಟೆಯಲ್ಲಿ ತಲೆ ಒರೆಸಿ, ಬೆಚ್ಚಗೆ ಸುತ್ತಿ, ಅಮ್ಮನ ಮಗ್ಗುಲಿಗೆ ಹಾಕಿ.