ಮನೆಯಲ್ಲಿ ಬೆತ್, ಸ್ಟೇಜಿನಲ್ಲಿ ಡ್ರಮ್!

ರಾಕ್ ಅಂದ ಕೂಡಲೇ ನಮ್ಮ ಹುಡುಗರ ಕಣ್ಮುಂದೆ ಬರೋದೇನು? ಉದ್ದ ಕೂದಲು, ಸಿಡಿಲಿನಂಥ ಗಿಟಾರು, ಕಿವಿ ತಮಟೆ ಹರಿಯುವ ಅಬ್ಬರ! ಆದರೆ ಅಮೆರಿಕದ ‘ಕಿಸ್’ ತಂಡವನ್ನು ಅವರ ನಾಡಿನಲ್ಲಿ ಅತಿ ಎತ್ತರಕ್ಕೆ ಏರಿಸಿದ ಹಾಡಿನಲ್ಲಿ ಆ ಅಬ್ಬರವೇ ಇಲ್ಲ. ಮುಖಕ್ಕೆ ಬೆಕ್ಕಿನ ಬಣ್ಣ ಬಳಿದುಕೊಂಡು ಡ್ರಮ್ ಬಾರಿಸುತ್ತಿದ್ದ ಪೀಟರ್ ಕ್ರಿಸ್, ಕೋಲು ಕೆಳಗಿಟ್ಟು ಹಾಡಿದ ಹಾಡು ಅದು. ಹೆಸರು ‘ಬೆತ್’. ಡ್ರಮ್ಮರನ ಹಾಡು, ಡ್ರಮ್ಮೇ ಇಲ್ಲ! ಪಿಯಾನೊ, ಪಿಟೀಲುಗಳ ಮೇಳ, ಒಂದು ಒಡಕು ದನಿ... ಅಷ್ಟೆ.

1976ರ ‘ಡೆಸ್ಟ್ರಾಯರ್’ ಆಲ್ಬಂನ ಹಾಡಿದು. ಮೊದಲು ಇದನ್ನು ಇನ್ನೊಂದು ಹಾಡಿನ ತಟ್ಟೆಯ ಹಿಂಬದಿಗೆ ತಳ್ಳಿದ್ದರು. ರೇಡಿಯೊದವರು ತಟ್ಟೆ ಮಗುಚಿ ಹಾಕಿದರು ನೋಡಿ, ಬಿಲ್‌ಬೋರ್ಡ್ ಪಟ್ಟಿಯಲ್ಲಿ 7ನೇ ಸ್ಥಾನ!

ಕಥೆ ಇಷ್ಟೇ. ಹೆಂಡತಿ ಮನೆಯಲ್ಲಿ ಒಂಟಿ. ಗಂಡ ಫೋನಿನಲ್ಲಿ ‘ಈಗ ಬಂದೆ’ ಅನ್ನುತ್ತಾನೆ. ಟ್ಯೂನು ಕೂಡಿಬರುತ್ತಿಲ್ಲ, ಗೆಳೆಯರು ಬಿಡುತ್ತಿಲ್ಲ. ಕೊನೆಗೆ ರಾತ್ರಿಯಿಡೀ ಅಲ್ಲೇ!

ಇದು ಅಮೆರಿಕದ ಕಥೆಯೇ ಏನ್ರೀ? ನಮ್ಮ ದೊಮ್ಮಲೂರಿನದೂ ಹೌದು. ಗಣೇಶನ ಪೆಂಡಾಲು, ರಾಜ್ಯೋತ್ಸವದ ಸ್ಟೇಜು ಅಂತ ಆರ್ಕೆಸ್ಟ್ರಾದಲ್ಲಿ ನಾನೂ ರಿದಂ ಪ್ಯಾಡ್ ಬಾರಿಸಿದವನೇ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಹೊರಟಾಗ ನನ್ನಾಕೆ ಬಾಗಿಲಿಗೆ ಬಂದು ಕೇಳಿದ್ದು ಒಂದೇ ಮಾತು: “ಊಟಕ್ಕೆ ಕಾಯ್ಲಾ, ಬೇಡ್ವಾ? ಅದೊಂದು ಹೇಳಿ ಹೋಗಿ.” ಆ ಪ್ರಶ್ನೆಯ ಮುಂದೆ ಯಾವ ಗಿಟಾರ್ ನಿಲ್ಲುತ್ತೆ ಹೇಳಿ?

2008ರಲ್ಲಿ ತೆರೆಗೆ ಬಂದ ಅಭಿಷೇಕ್ ಕಪೂರರ ಹಿಂದಿ ಚಿತ್ರ ‘ರಾಕ್ ಆನ್’ ಹಿಡಿದದ್ದೂ ಇದೇ ಎಳೆ. ಬ್ಯಾಂಡು ಒಡೆದು ವರ್ಷಗಳಾಗಿವೆ. ಫರ್ಹಾನ್ ಅಖ್ತರ್ ಸೂಟು ತೊಟ್ಟ ಬ್ಯಾಂಕಿನವ. ಮನೆಯಲ್ಲಿ ಎಲ್ಲವೂ ಇದೆ, ನಗು ಒಂದಿಲ್ಲ. ಅರ್ಜುನ್ ರಾಂಪಾಲ್ ಗಿಟಾರು ಬಿಡಲಾರದ ನಿರುದ್ಯೋಗಿ. ಮೀನು ವ್ಯಾಪಾರ ಮಾಡಿ ಸಂಸಾರ ಎಳೆಯುವವಳು ಹೆಂಡತಿ, ಶಹಾನಾ ಗೋಸ್ವಾಮಿ! ರಾಂಪಾಲ್‌ಗೆ ರಾಷ್ಟ್ರಪ್ರಶಸ್ತಿ ಬಂತು, ಸಂತೋಷ. ಆದರೆ ನನ್ನ ಚಪ್ಪಾಳೆ ಆ ಮೀನಿನ ಬುಟ್ಟಿಯವಳಿಗೆ. ಅವನ ಗಿಟಾರಿನ ತಂತಿಗೆ ಬಾಡಿಗೆ ಕಟ್ಟಿದವಳು ಅವಳು.

ಅದೇ 2008ರಲ್ಲೇ ನಮ್ಮ ರಘು ದೀಕ್ಷಿತ್ ‘ಸೈಕೋ’ ಚಿತ್ರಕ್ಕೆ ಸಂಗೀತ ಕೊಟ್ಟು ಕನ್ನಡ ಹುಡುಗರ ಎದೆಗೆ ಲಗ್ಗೆ ಹಾಕಿದರು. ಮೈಸೂರಿನಲ್ಲಿ ಮೈಕ್ರೋಬಯಾಲಜಿ ಓದಿ, ಬೆಲ್ಜಿಯಂನಲ್ಲಿ ಕೈತುಂಬ ಸಂಬಳದ ಕೆಲಸ ಹಿಡಿದು, ಅದನ್ನು ಬಿಟ್ಟು ಹಾಡಿಗೆ ಬಂದವರು. ಭೇಷ್! ಆದರೆ ಗೆಳೆಯರೇ, ಗೆದ್ದವರ ಹೆಸರು ಪೋಸ್ಟರಿನಲ್ಲಿರುತ್ತೆ. ಕೆಲಸ ಬಿಟ್ಟು, ಹಾಡೂ ಕೈಗೆ ಹತ್ತದೆ ಕೂತವರ ಹೆಸರು ಯಾವ ಪೋಸ್ಟರಿನಲ್ಲೂ ಇರಲ್ಲ.

ಹಾಗಾದ್ರೆ ಗಿಟಾರು ಅಟ್ಟಕ್ಕೆ ಹಾಕೋದಾ? ಖಂಡಿತ ಬೇಡ! ಹಾಡು ಕಳಕೊಂಡ ಗಂಡಸು ಮನೆಗೂ ಪೂರ್ತಿ ಸಿಗಲ್ಲ. ಫರ್ಹಾನನ ಪಾತ್ರವೇ ಸಾಕ್ಷಿ. ‘ಬೆತ್’ ಹಾಡಿನ ಗಂಡ ತಂಡವನ್ನು ಆರಿಸಿಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ‘ಈಗ ಬಂದೆ’ ಅಂದನಲ್ಲ, ಅದಕ್ಕೆ ಸಿಟ್ಟು. ಬರಲ್ಲ ಅಂದಿದ್ದರೆ ಅವಳು ಉಂಡು ಮಲಗುತ್ತಿದ್ದಳು.

ಪ್ರಾಕ್ಟೀಸಿಗೆ ಹೊರಟ ತಮ್ಮಂದಿರೇ, ಬಾರಿಸಿ, ಧೂಳೆಬ್ಬಿಸಿ! ಹೊಸಿಲು ದಾಟುವ ಮುಂಚೆ ಮಾತ್ರ ಬರೋ ಹೊತ್ತು ಸರಿಯಾಗಿ ಹೇಳಿ ಹೋಗಿ. ತಾಳ ತಪ್ಪಬಾರದು ಅನ್ನೋದು ಮನೆಗೂ ಸಲ್ಲುವ ಮಾತು.